ತುಂಗಭದ್ರೆಯ ಬಯಲು ಹೀಗೆ ಯಾಕಾಯ್ತು? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮೂರು ಕಾರಟಗಿ ಕಡೆ. ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆಯಿಂದ ಕೂಗಳತೆ ದೂರ. ಬೆಂಗಳೂರಿನಿಂದ ಬರುವ ನೆಂಟರು, ಪ್ರಾಜೆಕ್ಟ್ ಮಾಡಲು ಬರುವ ಕಾಲೇಜು ಹುಡುಗರು, ಹಂಪಿ ನೋಡಿಕೊಂಡು ಹೊಳೆ ದಾಟಿ ಈ ಕಡೆ ಬರುವವರು, ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆ. ಹೇಳಿ ಹೇಳಿ ಸಾಕಾಗಿ ಬರೆದಿಟ್ಟಿದ್ದೇನೆ. ಕೆಲವಕ್ಕೆ ಎರಡು ಸಾಲು ಸಾಕು. ಕೆಲವಕ್ಕೆ ಚಹಾ ತರಿಸಿಕೊಂಡು ಕೂರಬೇಕು.

ಗಂಗಾವತಿಯಿಂದ ಸಿಂಧನೂರಿನವರೆಗೂ ಬಂದೆವು. ಹೊಳೆ ಎಲ್ಲೂ ಕಾಣಲೇ ಇಲ್ಲವಲ್ಲ?

ಕಾಣಲ್ಲ. ಹೊಳೆ ದಕ್ಷಿಣಕ್ಕೆ ಇದೆ, ನೀವು ಬಂದ ರಸ್ತೆಯಿಂದ ದೂರ. ನಿಮಗೆ ದಾರಿಯುದ್ದಕ್ಕೂ ಕಂಡ ನೀರೆಲ್ಲ ಕಾಲುವೆ ನೀರು.

ಈ ಬಯಲನ್ನು ಅರ್ಥ ಮಾಡಿಕೊಳ್ಳಲು ಇದೊಂದು ವಿಷಯ ಹಿಡಿದರೆ ಸಾಕು. ಹಿಂದೆ ಇಲ್ಲಿ ದೊಡ್ಡ ಊರು ಅಂದರೆ ಹೊಳೆ ದಡದ ಊರು: ಆನೆಗೊಂದಿ, ಕಂಪ್ಲಿ, ಹಂಪಿ. ಹೊಳೆ ದಾಟುವ ಜಾಗದಲ್ಲಿ ಸಂತೆ, ಕೋಟೆ, ಗುಡಿ ಎಲ್ಲ ಬೆಳೆದವು. ಈಗ ದುಡ್ಡು ಓಡಾಡುವ ಊರು ಅಂದರೆ ಗಂಗಾವತಿ, ಕಾರಟಗಿ, ಸಿಂಧನೂರು. ಇವನ್ನು ಬೆಳೆಸಿದ್ದು ಕಾಲುವೆ. ಎಪ್ಪತ್ತು ವರ್ಷದಲ್ಲಿ ಇಡೀ ಸೀಮೆ ಹೊಳೆಗೆ ಬೆನ್ನು ಹಾಕಿ ಕಾಲುವೆ ಕಡೆ ತಿರುಗಿ ಕೂತಿದೆ. ನಮ್ಮೂರ ಹುಡುಗರಲ್ಲಿ ಎಷ್ಟೋ ಜನ ಈಜು ಕಲಿತದ್ದೂ ಕಾಲುವೆಯಲ್ಲೇ.

ಅಣೆಕಟ್ಟು ಬರುವ ಮೊದಲು ಇದೆಲ್ಲ ಬರೀ ಬಂಜರು ಭೂಮಿ ಆಗಿತ್ತಾ?

ಈ ಮಾತು ಕೇಳಿದರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ಬಂಜರು ಆಗಿರಲಿಲ್ಲ, ಒಣ ಬೇಸಾಯದ ಭೂಮಿ ಆಗಿತ್ತು. ಎರಡೂ ಬೇರೆ.

ಕೃಷ್ಣಾ, ತುಂಗಭದ್ರೆಯ ನಡುವಿನ ಈ ನಾಡಿಗೆ ಎಡೆದೊರೆ ಎಂದು ಹಳೇ ಹೆಸರು. ಇದಕ್ಕಾಗಿ ವಿಜಯನಗರದವರೂ ಬಹಮನಿ, ಬಿಜಾಪುರದವರೂ ಮತ್ತೆ ಮತ್ತೆ ಕಾದಾಡಿದರು. ರಾಯಚೂರು ಯುದ್ಧ ನಡೆದದ್ದು 1520ರಲ್ಲಿ. ಬಂಜರು ಭೂಮಿಗೆ ಯಾರು ಹಾಗೆ ಹೊಡೆದಾಡುತ್ತಾರೆ? ಎರೆ, ಅಂದರೆ ಕಪ್ಪು ಮಣ್ಣಿನ ಭೂಮಿಯಲ್ಲಿ ಹಿಂಗಾರಿ ಬಿಳಿಜೋಳ, ಹತ್ತಿ, ಕುಸುಬೆ. ಮಸಾರಿ, ಅಂದರೆ ಕೆಂಪು ಮಣ್ಣಿನಲ್ಲಿ ಸಜ್ಜೆ, ನವಣೆ, ಶೇಂಗಾ. ಮಳೆ ಕೈಕೊಟ್ಟರೆ ಬರ ಬರುತ್ತಿತ್ತು, ಅದು ನಿಜ. 1876ರ ಧಾತು ಬರದ ಹೊತ್ತಿಗೆ ಬಳ್ಳಾರಿ ಸೀಮೆಯಲ್ಲಿ ಜನ ಹುಳುಗಳ ಹಾಗೆ ಸತ್ತರು.

ಹೊಳೆ ಪಕ್ಕದ ಕಥೆ ಇನ್ನೊಂದು. ಅಲ್ಲಿ ವಿಜಯನಗರ ಕಾಲದಿಂದಲೇ ಕಾಲುವೆ ಇವೆ. ಹೊಳೆಗೆ ಅಡ್ಡ ಕಲ್ಲಿನ ಒಡ್ಡು ಕಟ್ಟಿ ನೀರು ತಿರುಗಿಸಿದ್ದು. ತುರ್ತು, ರಾಯ, ಬಸವಣ್ಣ, ಕಂಪ್ಲಿ, ಗಂಗಾವತಿ ಕಾಲುವೆ ಅಂತ ಒಂದೊಂದಕ್ಕೂ ಹೆಸರಿದೆ. ಹಂಪಿಯ ಗುಡಿಗಳ ನಡುವೆ ಬಾಳೆತೋಟ ಇವತ್ತಿಗೂ ಹಸಿರಾಗಿರುವುದು ತುರ್ತು ಕಾಲುವೆಯಿಂದ. ಐನೂರು ವರ್ಷದ ಕಾಲುವೆ, ಇನ್ನೂ ಕೆಲಸದಲ್ಲಿದೆ.

ಹಗೇವು ಅಂದರೇನು? ಈಗ ಯಾಕೆ ಕಾಣಲ್ಲ?

ನೆಲದೊಳಗೆ ತೋಡಿದ ಜೋಳದ ಕಣಜ. ಬಾಯಿ ಸಣ್ಣದು, ಒಳಗೆ ಹೊಟ್ಟೆ ದೊಡ್ಡದು. ಸುತ್ತ ಒಣ ಹುಲ್ಲು ಹೊದಿಸಿ ಜೋಳ ತುಂಬಿ, ಮೇಲೆ ಬಂಡೆ ಇಟ್ಟು ಮಣ್ಣು ಮುಚ್ಚುತ್ತಿದ್ದರು. ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆಗೆಯುವಾಗ ಮಾತ್ರ ಹುಷಾರು. ಬಾಯಿ ತೆರೆದು ಬಿಸಿಗಾಳಿ ಹೋಗುವವರೆಗೂ ಕಾಯಬೇಕು. ತಕ್ಷಣ ಇಳಿದರೆ ಉಸಿರು ಕಟ್ಟುತ್ತದೆ. ನಮ್ಮಜ್ಜ ಮೊದಲು ಕಂದೀಲು ಇಳಿಬಿಡುತ್ತಿದ್ದ. ಆರಿದರೆ ಇನ್ನೊಂದು ತಾಸು ಕಟ್ಟೆ ಮೇಲೆ ಕೂತು ಎಲೆ ಅಡಿಕೆ.

ಕಾಲುವೆ ಬಂದ ಮೇಲೆ ಸುತ್ತ ಗದ್ದೆಯಾಯಿತು. ವರ್ಷದಲ್ಲಿ ಎಂಟೊಂಬತ್ತು ತಿಂಗಳು ನೀರು ನಿಂತರೆ ನೆಲದೊಳಗೂ ನೀರು ಏರುತ್ತದೆ ಅಲ್ವಾ? ಒಂದು ವರ್ಷ ನಮ್ಮ ಹಗೇವು ತೆಗೆದಾಗ ತಳದ ಜೋಳ ಕಪ್ಪಗೆ ಮುದ್ದೆಯಾಗಿತ್ತು, ನಾತ ಬೀದಿಗೆಲ್ಲ. ಅಜ್ಜ ಅದೇ ವಾರ ಮಣ್ಣು ತುಂಬಿಸಿಬಿಟ್ಟ. ಈಗ ಅದರ ಮೇಲೆ ಟ್ರ್ಯಾಕ್ಟರ್ ನಿಲ್ಲುತ್ತದೆ.

ಭತ್ತಕ್ಕೆ ಹಗೇವು ಬೇಕಾಗಲೂ ಇಲ್ಲ. ಜೋಳ ತಿನ್ನಲು ಬೆಳೆಯುತ್ತಿದ್ದೆವು, ಇಟ್ಟುಕೊಳ್ಳುತ್ತಿದ್ದೆವು. ಭತ್ತ ಮಾರಲು ಬೆಳೆಯುತ್ತೇವೆ. ಮೆಷಿನ್ ಕೊಯ್ದ ದಿನವೇ ಟ್ರಾಲಿ ಹತ್ತಿ ಹೋಗುವುದೂ ಉಂಟು.

ಹಿಂದೆ ಹೊಳೆ ಹೇಗೆ ದಾಟುತ್ತಿದ್ದರು?

ಹರಿಗೋಲಿನಲ್ಲಿ. ಬಿದಿರಿನ ದೊಡ್ಡ ಬುಟ್ಟಿ, ಹೊರಗೆ ಚರ್ಮ. 1520ರ ಆಸುಪಾಸಿನಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇದನ್ನು ಕಂಡು ಬರೆದಿಟ್ಟಿದ್ದಾನೆ. ಹದಿನೈದು ಇಪ್ಪತ್ತು ಜನ ಹಿಡಿಯುತ್ತಾರೆ, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತಾರೆ, ನೇರ ಹೋಗದೆ ಗಿರಗಿರ ತಿರುಗುತ್ತಲೇ ಇರುತ್ತದೆ ಅಂತ. ಇವತ್ತಿಗೂ ಅಷ್ಟೇ ತಿರುಗುತ್ತದೆ. ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಚೀಲ, ಡಾಂಬರು ಬಂದಿದೆ. ನಾನೇ ಆನೆಗೊಂದಿಯಲ್ಲಿ ಬೈಕ್ ಸಮೇತ ಕೂತು ದಾಟಿದ್ದೇನೆ. ಹುಟ್ಟು ಹಾಕುವವನು ಬೈಕ್ ನಡುವೆ ನಿಲ್ಲಿಸಿ, ಸುತ್ತ ನಮ್ಮನ್ನು ಕೂರಿಸಿ, "ಯಾರೂ ಅಲುಗಾಡಬ್ಯಾಡ್ರಿ" ಅಂದಿದ್ದ. ಯಾರೂ ಅಲುಗಾಡಲಿಲ್ಲ.

ಕಲ್ಲಿನ ಸೇತುವೆಯೂ ಇತ್ತು. ವಿಠ್ಠಲ ಗುಡಿಯಿಂದ ಸ್ವಲ್ಪ ದೂರದಲ್ಲಿ ಹೊಳೆಯೊಳಗೆ ಅದರ ಕಂಬಗಳು ಇನ್ನೂ ಸಾಲಾಗಿ ನಿಂತಿವೆ.

ಆನೆಗೊಂದಿ ಸೇತುವೆ ಕಥೆ ಏನು?

ಬೇಜಾರಿನ ಕಥೆ. ಹಂಪಿ 1986ರಲ್ಲಿ ವಿಶ್ವ ಪರಂಪರೆ ಪಟ್ಟಿ ಸೇರಿತು. 1990ರ ದಶಕದಲ್ಲಿ ಆನೆಗೊಂದಿ ಹತ್ತಿರ ವಾಹನ ಓಡಾಡುವ ಸೇತುವೆ ಶುರುವಾಯಿತು. ಹಳೇ ನಗರದ ನಟ್ಟನಡುವೆ ಲಾರಿ ಬಸ್ಸು ಓಡಿದರೆ ಸ್ಮಾರಕಗಳ ಗತಿಯೇನು ಎಂದು ತಕರಾರು ಎದ್ದಿತು. 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದ ಪಟ್ಟಿಗೆ ಹಾಕಿತು. 2006ರಲ್ಲಿ ಆ ಪಟ್ಟಿಯಿಂದ ಹೊರಬಂತು. ಕೆಲಸ ಮತ್ತೆ ನಡೆಯಿತು. 2009ರ ಜನವರಿಯಲ್ಲಿ ಕಟ್ಟುತ್ತಿದ್ದ ಸೇತುವೆಯೇ ಕುಸಿದು ಕೂಲಿಕಾರರು ಸತ್ತರು. ಆಮೇಲೆ ಕೆಳಗಡೆ ಬುಕ್ಕಸಾಗರ ಮತ್ತು ಕಡೆಬಾಗಿಲು ನಡುವೆ ಬೇರೆ ಸೇತುವೆ ಆಯಿತು.

ಎರಡೂ ಕಡೆಯವರ ಮಾತಲ್ಲಿ ನ್ಯಾಯ ಇತ್ತು ಅಂತ ನನಗೆ ಈಗಲೂ ಅನಿಸುತ್ತದೆ. ಹಂಪಿ ಹಾಳಾಗಬಾರದು, ಸರಿ. ಆದರೆ ಹೊಳೆ ತುಂಬಿದಾಗ ಹರಿಗೋಲು ನಿಲ್ಲುತ್ತದೆ. ಎದುರಿಗೇ ಕಾಣುವ ದಡಕ್ಕೆ ಹತ್ತಾರು ಮೈಲಿ ಸುತ್ತಿ ಹೋಗಬೇಕಾಗಿದ್ದ ಆನೆಗೊಂದಿಯವರ ಪಾಡೂ ಪಾಡೇ.

ಅಂದ ಹಾಗೆ, ಕಂಪ್ಲಿ–ಗಂಗಾವತಿ ಸೇತುವೆ ತಗ್ಗಿನಲ್ಲಿದೆ. ಅಣೆಕಟ್ಟಿನಿಂದ ನೀರು ಜಾಸ್ತಿ ಬಿಟ್ಟರೆ ಮುಳುಗುತ್ತದೆ. ಮಳೆಗಾಲದಲ್ಲಿ ಹೊರಡುವ ಮೊದಲು ಆ ಕಡೆಯವರಿಗೆ ಒಂದು ಫೋನ್ ಮಾಡಿ.

ರೈಲು ಮೊದಲು ಬಂತೋ, ಕಾಲುವೆ ಮೊದಲು ಬಂತೋ?

ಯಾವ ದಂಡೆ ಅನ್ನುವುದರ ಮೇಲೆ ಹೋಗುತ್ತದೆ. ಬಲದಂಡೆಗೆ ರೈಲು ಮೊದಲು. ಧಾತು ಬರದಲ್ಲಿ ಧಾನ್ಯ ಸಾಗಿಸಲು ದಾರಿಯಿಲ್ಲದೆ ಆದ ಸಾವು ನೋಡಿ ಬ್ರಿಟಿಷರು ಈ ಸೀಮೆಗೆ ಬರದ ರೈಲು ಎಂದೇ ಹಳಿ ಹಾಕಿದರು. ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿದ್ದು 1882ರಲ್ಲಿ. ಅದೇ ದಶಕದಲ್ಲಿ ಗುಂತಕಲ್, ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಗದಗ ಒಂದೇ ದಾರಿಗೆ ಸಿಕ್ಕವು. ರಾಯಚೂರಿಗೆ ಇನ್ನೂ ಮೊದಲು. ಮುಂಬೈ ಕಡೆಯ ಹಳಿ ಮತ್ತು ಮದ್ರಾಸ್ ಕಡೆಯ ಹಳಿ ಕೂಡಿದ್ದೇ ರಾಯಚೂರಿನಲ್ಲಿ, 1871ರಲ್ಲಿ.

ಗಂಗಾವತಿ, ಸಿಂಧನೂರಿಗೆ ಮಾತ್ರ ರೈಲೇ ಇರಲಿಲ್ಲ. ರಾಜ್ಯಕ್ಕೆಲ್ಲ ಅಕ್ಕಿ ಕಳಿಸುವ ಸೀಮೆ, ಐವತ್ತು ಅರವತ್ತು ವರ್ಷ ಲಾರಿಯಲ್ಲೇ ಕಳಿಸಿತು. ಗಿಣಿಗೇರಾದಿಂದ ರಾಯಚೂರು ಕಡೆ ಹೋಗುವ ಹೊಸ ಹಳಿ 1990ರ ದಶಕದಲ್ಲಿ ಮಂಜೂರಾಗಿ, 2019ರಲ್ಲಿ ಗಂಗಾವತಿಗೆ, 2024ರಲ್ಲಿ ಸಿಂಧನೂರಿಗೆ ರೈಲು ಬಂತು. ಮೊದಲ ದಿನ ಸ್ಟೇಷನ್ನಿಗೆ ಜಾತ್ರೆಗೆ ಬಂದ ಹಾಗೆ ಜನ ಬಂದಿದ್ದರು. ಎಂಜಿನ್ನಿಗೆ ಕಾಯಿ ಒಡೆದು ಹಾಗೇ ಮನೆಗೆ ಹೋದವರೇ ಜಾಸ್ತಿ.

ಅಣೆಕಟ್ಟು ಯಾರು ಕಟ್ಟಿದ್ದು?

ಹೊಳೆಯ ಈ ಕಡೆ ನಿಜಾಮರ ಹೈದರಾಬಾದು, ಆ ಕಡೆ ಬ್ರಿಟಿಷರ ಮದ್ರಾಸು. ಹೀಗಾಗಿ ಇಬ್ಬರೂ ಸೇರಿ ಕಟ್ಟಿದ್ದು. ಇಲ್ಲೊಂದು ಜಲಾಶಯ ಆಗಬೇಕು ಎಂದು ಸರ್ ಆರ್ಥರ್ ಕಾಟನ್ 1860ರಲ್ಲೇ ಹೇಳಿದ್ದ. ಅಡಿಗಲ್ಲು ಬಿದ್ದದ್ದು 1945ರ ಫೆಬ್ರುವರಿಯಲ್ಲಿ. ಅದೂ ಎರಡು ಕಲ್ಲು, ಆ ದಡಕ್ಕೊಂದು ಈ ದಡಕ್ಕೊಂದು. ಮದ್ರಾಸ್ ಕಡೆಯ ಮುಖ್ಯ ಎಂಜಿನಿಯರ್ ತಿರುಮಲೆ ಅಯ್ಯಂಗಾರ್. ಕಟ್ಟಿದ್ದು ಕಲ್ಲು ಮತ್ತು ಸುಣ್ಣ, ಸುರ್ಕಿ (ಇಟ್ಟಿಗೆ ಪುಡಿ) ಗಾರೆಯಲ್ಲಿ. 33 ಗೇಟು. 1953ರ ಜುಲೈನಲ್ಲಿ ಕಾಲುವೆಗೆ ನೀರು ಬಂತು. ಅದೇ ವರ್ಷದ ಅಕ್ಟೋಬರಿನಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಕೊಪ್ಪಳ, ರಾಯಚೂರು ಸೇರಲು 1956ರವರೆಗೆ ಕಾಯಬೇಕಾಯಿತು.

ಮುಳುಗಿದ್ದು ಸುಮಾರು 90 ಊರು. ಐವತ್ತು ಸಾವಿರಕ್ಕೂ ಹೆಚ್ಚು ಜನ ಎದ್ದು ಹೋದರು. ನಾರಾಯಣದೇವರ ಕೆರೆ ಎಂಬ ಊರಿನವರು ಮರಿಯಮ್ಮನಹಳ್ಳಿಗೆ ಬಂದರು. ಹಳೇ ಒಡ್ಡುಗಳು ನೀರಿನಡಿ ಹೋಗಿ, ರಾಯ ಮತ್ತು ಬಸವಣ್ಣ ಕಾಲುವೆಗೆ ಈಗ ಅಣೆಕಟ್ಟಿನಿಂದಲೇ ನೀರು. ನಮ್ಮ ಗದ್ದೆಗೆ ನೀರು ಬಂದದ್ದು ಇನ್ನೊಬ್ಬರ ಮನೆ ಮುಳುಗಿ ಅನ್ನುವುದು ನಮ್ಮ ಕಡೆ ಯಾರ ಮಾತಿನಲ್ಲೂ ಬರುವುದಿಲ್ಲ.

ಊರಿಗೊಂದು 'ಕ್ಯಾಂಪ್' ಇದೆಯಲ್ಲ, ಮಿಲಿಟರಿಯವರದ್ದಾ?

ಅಲ್ಲ! ಕಾಲುವೆ ಬಂದಾಗ ಇಲ್ಲಿಯ ರೈತರಿಗೆ ಕೆಸರು ಗದ್ದೆ ಮಾಡಿ ಗೊತ್ತಿರಲಿಲ್ಲ. ಎರೆ ಭೂಮಿಗೆ ನೀರು ಕಟ್ಟಿದರೆ ಭೂಮಿ ಕೆಡುತ್ತದೆ ಎಂಬ ಹೆದರಿಕೆ. ಕರಾವಳಿ ಆಂಧ್ರದಿಂದ ಬಂದವರಿಗೆ ಭತ್ತ ಕರತಲಾಮಲಕ. ಅಲ್ಲಿ ಒಂದು ಎಕರೆ ಮಾರಿದರೆ ಇಲ್ಲಿ ಹತ್ತಾರು ಎಕರೆ ಸಿಗುತ್ತಿತ್ತು. ಬಂದರು, ಹೊಲದಲ್ಲೇ ಗುಡಿಸಲು ಹಾಕಿದರು, ಅದೇ ಕ್ಯಾಂಪು. ಶ್ರೀರಾಮನಗರ, ಗಾಂಧಿನಗರ ಈಗ ಸಣ್ಣ ಪಟ್ಟಣದ ಹಾಗಿವೆ. ಸಿಂಧನೂರಿನ ಆರ್.ಎಚ್. ಕ್ಯಾಂಪುಗಳು ಬೇರೆ. ಅವು ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರ ಊರು. ಅಲ್ಲಿ ಮೀನಿನ ಸಾರು, ದುರ್ಗಾಪೂಜೆ ಎಲ್ಲ ಇದೆ.

ಊರುಗಳ ಆಕಾರವೂ ಬೇರೆ. ಹಳೇ ಊರು ಅಗಸಿ, ಗುಡಿ, ಓಣಿ ಅಂತ ಒತ್ತಾಗಿ ಇರುತ್ತದೆ. ಕ್ಯಾಂಪು ಕಾಲುವೆ ರಸ್ತೆಗುಂಟ ಉದ್ದಕ್ಕೆ, ನೇರ ಬೀದಿ, ಮನೆ ಮುಂದೆ ತೆಂಗು. ದೂರದಿಂದಲೇ ಹೇಳಿಬಿಡಬಹುದು.

ಇಷ್ಟೊಂದು ಭತ್ತ ಬೆಳೆಯಬೇಕು ಅಂತಲೇ ಕಾಲುವೆ ಮಾಡಿದ್ದಾ?

ಚಹಾ ತರಿಸಿಕೊಳ್ಳಿ.

ಅಲ್ಲವೇ ಅಲ್ಲ. ಕಾಲುವೆ ಮಾಡಿದ್ದು ಬರ ತಡೆಯಲು. ಸ್ವಲ್ಪ ನೀರನ್ನು ತುಂಬಾ ಎಕರೆಗೆ ತೆಳ್ಳಗೆ ಹರಡುವುದು. ಎಡದಂಡೆ ಮುಖ್ಯ ಕಾಲುವೆ 227 ಕಿಲೋಮೀಟರ್, ಅಚ್ಚುಕಟ್ಟು, ಅಂದರೆ ಅದರ ನೀರು ಉಣ್ಣುವ ಭೂಮಿ, ಸುಮಾರು 6 ಲಕ್ಷ ಎಕರೆ. ಇದರಲ್ಲಿ ಭತ್ತ, ಕಬ್ಬಿಗೆ ಇಟ್ಟಿದ್ದು ಸಣ್ಣ ಪಾಲು. ಉಳಿದ ಭೂಮಿಗೆ ಜೋಳ, ಹತ್ತಿ, ಶೇಂಗಾದಂಥ ಬೆಳೆ, ಎರಡೋ ಮೂರೋ ಸಲ ನೀರು. ಯಾವ ಸರ್ವೆ ನಂಬರಿಗೆ ಯಾವ ಬೆಳೆ ಅಂತ ಕಾಗದದಲ್ಲಿ ಬರೆದೇ ಇಟ್ಟಿದ್ದರು. ಅದಕ್ಕೆ ಲೋಕಲೈಸೇಷನ್ ಅನ್ನುತ್ತಾರೆ.

ಕಾಗದ ಕಾಗದದಲ್ಲೇ ಉಳಿಯಿತು. ಮೇಲ್ಭಾಗದಲ್ಲಿ ತೂಬಿನ ಪಕ್ಕ ಗದ್ದೆ ಇರುವವನ ಮುಂದೆ ನೀರು ಹರಿಯುತ್ತಿದೆ. ಭತ್ತಕ್ಕೆ ದರ ಇದೆ, ಮಿಲ್ಲಿನವರು ಮುಂಗಡ ಕೊಡುತ್ತಾರೆ, ಲಾರಿ ಮನೆ ಬಾಗಿಲಿಗೆ ಬರುತ್ತದೆ. ಶೇಂಗಾ ಬಿತ್ತು ಅಂದರೆ ಯಾರು ಬಿತ್ತುತ್ತಾರೆ? ಒಬ್ಬ ಗದ್ದೆ ಮಾಡಿದರೆ ಪಕ್ಕದ ಹೊಲಕ್ಕೂ ಬಸಿನೀರು ನುಗ್ಗುತ್ತದೆ. ಅಲ್ಲಿ ಹತ್ತಿ ಕೊಳೆಯುತ್ತದೆ. ಅವನೂ ಗದ್ದೆ ಮಾಡುತ್ತಾನೆ. ಹೀಗೆ ಮನಸ್ಸಿಲ್ಲದವರೂ ಭತ್ತಕ್ಕೆ ಬಿದ್ದರು. ನಮ್ಮಪ್ಪ ಅವರಲ್ಲೊಬ್ಬ.

ಲೆಕ್ಕದ ಮಾತೂ ಬದಲಾಯಿತು. ಅಜ್ಜ ಸೇರು, ಪಲ್ಲ ಅನ್ನುತ್ತಿದ್ದ. ನಾವು ಎಕರೆಗೆ ಎಷ್ಟು ಚೀಲ ಅನ್ನುತ್ತೇವೆ. ಚೀಲ ಅಂದರೆ 75 ಕಿಲೋ. ಸೋನಾ ಎಷ್ಟು, ಆರ್‌ಎನ್‌ಆರ್ ಎಷ್ಟು ಅಂತ ಭತ್ತದ ತಳಿಗಳ ದರ ದಿನಾ ಬೆಳಗ್ಗೆ ಮೊಬೈಲಿನಲ್ಲಿ. ಸುಗ್ಗಿಯಲ್ಲಿ ಬಂದರೆ ನೋಡಿ, ಅರ್ಧ ರಸ್ತೆ ಭತ್ತದ ಕಣ. ಡಾಂಬರಿನ ಮೇಲೆ ಹರವಿ, ಅಂಚಿಗೆ ಕಲ್ಲಿಟ್ಟು, ರಾತ್ರಿ ಅಲ್ಲೇ ಚೀಲ ಹಾಸಿ ಮಲಗುತ್ತಾರೆ. ತಪ್ಪು, ಅಪಾಯ, ಎಲ್ಲ ಒಪ್ಪುತ್ತೇನೆ. ಆದರೆ ಮಣ್ಣಿನ ಕಣ ಮಾಡಲು ಒಣ ಜಾಗ ಎಲ್ಲಿ ಉಳಿದಿದೆ ಹೇಳಿ.

ಹಾಗಾದರೆ ಕೊನೆ ಭಾಗದವರಿಗೆ ನೀರು?

ಅದೇ ಜಗಳ. ಕಾಲುವೆಯನ್ನು ನಮ್ಮಲ್ಲಿ ಇವತ್ತಿಗೂ ಮೈಲಿಯಲ್ಲೇ ಎಣಿಸುತ್ತಾರೆ. 69ನೇ ಮೈಲಿಯಲ್ಲಿ ಗೇಜ್ (ನೀರಿನ ಮಟ್ಟ) ಎಷ್ಟಿದೆ, 104ರಲ್ಲಿ ಎಷ್ಟಿದೆ ಎಂದು ಮಾನ್ವಿ, ಸಿರವಾರ, ರಾಯಚೂರಿನ ರೈತರು ಕಾಯುತ್ತಾ ಕೂರುತ್ತಾರೆ. ಮೇಲ್ಭಾಗದಲ್ಲಿ ಪೈಪು ಹಾಕಿ ಅನಧಿಕೃತವಾಗಿ ಎತ್ತುವವರು ಬೇರೆ. ಕಾಲುವೆಗೆ ಪೊಲೀಸ್ ಕಾವಲು, ನಿಷೇಧಾಜ್ಞೆ ಹಾಕಿದ್ದೂ ಉಂಟು. ಕೊನೆ ಭಾಗದಲ್ಲಿ ನಾಟಿ ಬಿಟ್ಟು ಕೂರಿಗೆಯಲ್ಲಿ ಬಿತ್ತುವ ಭತ್ತಕ್ಕೆ, ಮತ್ತೆ ಹತ್ತಿ, ಜೋಳಕ್ಕೆ ತಿರುಗಿದವರಿದ್ದಾರೆ. ಯೋಜನೆ ಮಾಡಿದವರು ಹೇಳಿದ ಬೆಳೆಯನ್ನು ಕೊನೆಗೂ ಬೆಳೆಯುತ್ತಿರುವುದು ನೀರು ಸಿಗದವರು!

ಬಿಳಿ ಉಪ್ಪು ಎದ್ದ ಹೊಲಗಳು ಯಾಕೆ ಹಾಗೆ?

ಸವಳು. ಎರೆ ಮಣ್ಣಿನಲ್ಲಿ ನೀರು ಬಸಿದು ಹೋಗಲ್ಲ. ಮೇಲೆ ನಿಂತು ಆವಿಯಾದಾಗ ಒಳಗಿನ ಉಪ್ಪು ಮೇಲೆ ಬರುತ್ತದೆ. ಕಾಲುವೆ ತೋಡಿದಷ್ಟು ಉತ್ಸಾಹದಲ್ಲಿ ಬಸಿಗಾಲುವೆ ತೋಡಲಿಲ್ಲ.

ಇದ್ದ ಹಳ್ಳಗಳಿಗೂ ರಸ್ತೆಗಳು ಅಡ್ಡ ಬಂದವು. ನಮ್ಮ ಹೊಲದ ಪಕ್ಕದ ರಸ್ತೆಯನ್ನು ಗುತ್ತಿಗೆದಾರರೊಬ್ಬರು ಮೂರು ಅಡಿ ಎತ್ತರಿಸಿದರು. ಒಳ್ಳೇ ರಸ್ತೆ. ಮೋರಿ ಇಡುವುದು ಮಾತ್ರ ಮರೆತರು. ಎರಡು ಬೆಳೆಗಾಲ ಮೂಲೆಯ ಅರ್ಧ ಎಕರೆಯಲ್ಲಿ ನೀರು ನಿಂತಿತು, ಮೂರನೇ ವರ್ಷ ಬಿಳಿ ಪದರ ಕಂಡಿತು. ಆಮೇಲೆ ಪೈಪು ಹಾಕಿದರು. ಅರ್ಧ ಎಕರೆ ಇನ್ನೂ ಸುಧಾರಿಸಿಲ್ಲ, ಹಸಿರೆಲೆ ಗೊಬ್ಬರ ಹಾಕುತ್ತಾ ಇದ್ದೇನೆ.

ಹೊಸಪೇಟೆ, ಬಳ್ಳಾರಿ ಕಡೆ ಕೆಂಪು ಧೂಳು ಯಾಕೆ?

ಸಂಡೂರಿನ ಗುಡ್ಡಗಳ ಕಬ್ಬಿಣದ ಅದಿರು. ಗಣಿ ಹಳೆಯದೇ. 2003ರ ನಂತರ ಚೀನಾದ ಬೇಡಿಕೆ ಏರಿದಾಗ ಹುಚ್ಚು ಹಿಡಿಯಿತು. ಅಂಕೋಲಾ–ಗುತ್ತಿ ಹೆದ್ದಾರಿಯ ನಂಬರ್ ಆಗ 63, ನಮ್ಮ ಕಡೆ ಈಗ 67. ಅದರ ಮೇಲೆ ಬಂದರಿಗೆ ಹೋಗುವ ಲಾರಿಗಳ ಸಾಲು ಮುಗಿಯುತ್ತಲೇ ಇರಲಿಲ್ಲ. ಹೊಸಪೇಟೆಯಿಂದ ಕೊಪ್ಪಳಕ್ಕೆ ಬೈಕಿನಲ್ಲಿ ಹೋದರೆ ಬಿಳಿ ಅಂಗಿ ಇಟ್ಟಿಗೆ ಬಣ್ಣ. ಗಣಿಯ ಸುತ್ತಲಿನ ಕೆಲವರು ಸ್ವಂತ ಹೊಲವನ್ನೇ ಅಗೆದು ಮೇಲ್ಪದರದ ಅದಿರು ಮಾರಿದರು. ಸಾಲ ಮಾಡಿ ಟಿಪ್ಪರ್ ಕೊಂಡರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಟಿಪ್ಪರ್‌ಗಳು ಮನೆ ಮುಂದೆ ನಿಂತವು, ಕಂತು ನಿಲ್ಲಲಿಲ್ಲ. ಆಮೇಲೆ ಮಿತಿ ಹಾಕಿ ಮತ್ತೆ ಶುರುವಾಗಿದೆ. ಅಗೆದ ಹೊಲದಲ್ಲಿ ಜೋಳ ಬಿತ್ತಲು ಮೇಲ್ಮಣ್ಣೇ ಇಲ್ಲ.

ಜಲಾಶಯದಲ್ಲಿ ಹೂಳು ತುಂಬಿದೆ ಅಂತಾರೆ, ಎಷ್ಟು?

ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು). ಈಗ ಸುಮಾರು 105. ಮೇಲಿನ ಕಾಡು, ಹೊಲಗಳ ಮಣ್ಣೆಲ್ಲ ಇಲ್ಲಿ ಬಂದು ಕೂತಿದೆ. ತೆಗೆಯಬಹುದಲ್ಲ ಅಂತ ಕೇಳಬೇಡಿ, ಅಷ್ಟು ಮಣ್ಣು ತೆಗೆದರೆ ಹಾಕುವುದೆಲ್ಲಿ? ಅದಕ್ಕೇ ಕೊಪ್ಪಳ ಜಿಲ್ಲೆಯ ನವಲಿ ಹತ್ತಿರ ಇನ್ನೊಂದು ಜಲಾಶಯ ಆಗಲಿ ಎಂಬ ಮಾತು ವರ್ಷಗಳಿಂದ ನಡೆದಿದೆ. 2024ರ ಆಗಸ್ಟಿನಲ್ಲಿ 19ನೇ ಗೇಟಿನ ಚೈನು ಕಡಿದು ಗೇಟೇ ಕೊಚ್ಚಿಹೋಯಿತು. ತುಂಬಿದ್ದ ನೀರು ಹೊಳೆಗೆ ಹೋಯಿತು. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸುವವರೆಗೂ ನಮ್ಮ ಕಡೆ ಯಾರಿಗೂ ಸರಿಯಾಗಿ ನಿದ್ದೆ ಇಲ್ಲ.

ಹೊಳೆಯಲ್ಲಿ ನೀರುನಾಯಿ ಕಾಣುತ್ತವಾ?

ಪುಣ್ಯ ಇದ್ದರೆ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಪ್ರದೇಶ ಮಾಡಿದ್ದಾರೆ. ಬೆಳಗಿನ ಜಾವ ಹೋಗಿ, ಗಲಾಟೆ ಮಾಡಬೇಡಿ.

ಒಂದೇ ದಿನ ಇದೆ. ಎಲ್ಲಿ ಹೋದರೆ ಇದೆಲ್ಲ ಕಾಣುತ್ತದೆ?

ಬೆಳಗ್ಗೆ ಮುನಿರಾಬಾದಿನಲ್ಲಿ ಅಣೆಕಟ್ಟು ನೋಡಿ. ಅಲ್ಲಿಂದ ಆನೆಗೊಂದಿ, ಹೊಳೆ ದಡಕ್ಕೆ ಇಳಿದು ಹರಿಗೋಲು ಹತ್ತಿ. ಗಂಗಾವತಿಯಲ್ಲಿ ಊಟ. ಆಮೇಲೆ ಶ್ರೀರಾಮನಗರ, ಕಾರಟಗಿ ದಾಟಿ ಸಿಂಧನೂರು. ದಾರಿಯಲ್ಲಿ ಯಾವುದಾದರೂ ಅಕ್ಕಿ ಮಿಲ್ಲಿನ ಮುಂದೆ ಹತ್ತು ನಿಮಿಷ ನಿಂತು ಹಮಾಲರು ಲಾರಿ ತುಂಬುವುದು ನೋಡಿ. ಹೊತ್ತು ಇಳಿಯುವಾಗ ಸಿಂಧನೂರಿನಿಂದ ಸಿರುಗುಪ್ಪ ದಾರಿ ಹಿಡಿದು ದಢೇಸುಗೂರು ಸೇತುವೆಗೆ ಬನ್ನಿ. ಅಲ್ಲಿ ಮತ್ತೆ ಹೊಳೆ ಸಿಗುತ್ತದೆ. ಬೇಸಿಗೆಯಾದರೆ ಬಂಡೆ, ಮರಳು, ನಡುವೆ ಸಣ್ಣಗೆ ಹರಿಯುವ ನೀರು, ದಡದ ಪಂಪ್‌ಸೆಟ್ಟುಗಳ ಸದ್ದು. ಸೇತುವೆ ಮೇಲೆ ಗಾಡಿ ನಿಲ್ಲಿಸಬೇಡಿ, ಭತ್ತದ ಲಾರಿಗಳು ಜೋರಾಗಿ ಬರುತ್ತವೆ. ದಾಟಿ ಎಡಕ್ಕೆ ಹಾಕಿ.